ನೆರೆಮನೆಯಿಂದ ಬಂದ ಬಟ್ಟಲು





ಈ ತಿಂಗಳು ಒಂದು ಅಡುಗೆಯ ವಿಷಯ ಬರೆಯುತ್ತಿದ್ದೇನೆ. ಅದು ನಮ್ಮ ಊರಿನ ಅಡುಗೆಯಲ್ಲ, ಜಪಾನಿನದು. ಅಲ್ಲಿನವರು ಶರತ್ಕಾಲದಲ್ಲಿ ಹಣ್ಣು, ಅಣಬೆ, ಸೊಪ್ಪು ಸೇರಿಸಿ ಮಾಡುವ ಒಂದು ಸಲಾಡ್. "ಟೀಚರಮ್ಮನಿಗೆ ಜಪಾನಿನ ಹುಚ್ಚು ಯಾವಾಗ ಹಿಡಿಯಿತು?" ಎಂದು ನಗಬೇಡಿ. ಈ ಬಟ್ಟಲಿನ ಹಿಂದೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ಅಡುಗೆಯನ್ನು ಮಾತ್ರ ಹೇಳಿಕೊಟ್ಟರೆ ಅರ್ಧ ಪಾಠ ಮಾಡಿದ ಹಾಗಾಗುತ್ತದೆ.

ನನ್ನ ತಂಗಿಯ ಮಗಳು ಮದುವೆಯಾದ ಮೇಲೆ ಗಂಡನ ಕೆಲಸದ ನಿಮಿತ್ತ ಜಪಾನಿನ ನಗೋಯಾ ನಗರಕ್ಕೆ ಹೋದಳು. ಶಿವಮೊಗ್ಗದಲ್ಲಿ ಹತ್ತು ಜನರ ತುಂಬಿದ ಮನೆಯಲ್ಲಿ ಬೆಳೆದ ಹುಡುಗಿ. ಅಲ್ಲಿ ಬೆಳಿಗ್ಗೆ ಗಂಡ ಹೊರಟರೆ ರಾತ್ರಿಯವರೆಗೆ ನಾಲ್ಕು ಗೋಡೆಗಳೇ ಜೊತೆ. ಅವಳ ಬಾಗಿಲು ತಟ್ಟಿದ ಮೊದಲ ವ್ಯಕ್ತಿ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ. ಕೈಯಲ್ಲೊಂದು ನೀಲಿ ಹೂವಿನ ಪಿಂಗಾಣಿ ಬಟ್ಟಲು. ಅದರಲ್ಲಿ ಬೆಣ್ಣೆಯಂತೆ ಬಿಳಿಯಾಗಿ ಕಲಸಿದ್ದರ ನಡುವೆ ಕಿತ್ತಳೆ ಬಣ್ಣದ ಹಣ್ಣಿನ ಹೋಳುಗಳು, ಹಸಿರು ಸೊಪ್ಪು, ಪುಟ್ಟ ಪುಟ್ಟ ಅಣಬೆಗಳು.

ಹುಡುಗಿ ನನಗೆ ಫೋನ್ ಮಾಡಿದಳು. "ಖಾಲಾ, ಇದರಲ್ಲಿ ಏನೇನು ಹಾಕಿದ್ದಾರೋ ಗೊತ್ತಿಲ್ಲ. ಇಲ್ಲಿಯ ಅಡುಗೆಗೆ ಮದ್ಯ ಬೆರೆಸುತ್ತಾರಂತೆ. ಕೇಳೋಣವೆಂದರೆ ಭಾಷೆ ಬರುವುದಿಲ್ಲ. ಏನು ಮಾಡಲಿ?"

ನಾನು ಹಿಂದೆಮುಂದೆ ಯೋಚಿಸದೆ ಹೇಳಿಬಿಟ್ಟೆ: "ಸಂಶಯವಿದ್ದರೆ ತಿನ್ನಬೇಡ ಬೇಟಿ. ಆದರೆ ಪಾಪ, ಮುದುಕಿಯ ಮನಸ್ಸು ನೋಯಿಸಬೇಡ. ತೆಗೆದುಕೋ, ಚೆನ್ನಾಗಿತ್ತು ಅನ್ನು, ಆಮೇಲೆ ಯಾರಿಗೂ ಕಾಣದ ಹಾಗೆ ಹೊರಗೆ ಹಾಕಿಬಿಡು."

ಅವಳು ಹಾಗೆಯೇ ಮಾಡಿದಳು. ಒಂದು ಸಲವಲ್ಲ, ಎರಡು ವರ್ಷ. ಬಟ್ಟಲು ಬರುತ್ತಿತ್ತು, ತೊಳೆದ ಬಟ್ಟಲು ಹಿಂದಿರುಗುತ್ತಿತ್ತು. "ತುಂಬಾ ರುಚಿಯಾಗಿತ್ತು" ಎಂಬ ಒಂದು ವಾಕ್ಯವನ್ನು ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು.

ಅಲ್ಲಿ ಕಸ ಹಾಕುವುದಕ್ಕೂ ಒಂದು ಶಿಸ್ತಿದೆ. ಒಳಗಿರುವುದು ಕಾಣುವಂತಹ ಚೀಲದಲ್ಲಿ ಕಟ್ಟಿ, ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಜಾಗದಲ್ಲಿ ಇಡಬೇಕು. ಕಾಗೆಗಳು ಹರಿಯದಂತೆ ಮೇಲೆ ಬಲೆ ಮುಚ್ಚಬೇಕು. ಆ ಜಾಗವನ್ನು ಬೀದಿಯ ಮನೆಯವರು ಸರದಿಯಂತೆ ಗುಡಿಸುತ್ತಾರೆ. ಒಂದು ದಿನ ಬಲೆ ಸರಿದು ಕಾಗೆಗಳು ಚೀಲ ಹರಿದುಬಿಟ್ಟವು. ಅಂದು ಗುಡಿಸುವ ಸರದಿ ಅಜ್ಜಿಯದೇ. ಹಿಂದಿನ ಸಂಜೆ ತಾನೇ ಕಲಸಿ ಕೊಟ್ಟಿದ್ದನ್ನು ಅಜ್ಜಿ ರಸ್ತೆಯ ಮೇಲಿಂದ ಗುಡಿಸಿ ತೆಗೆದರು. ಕಿಟಕಿಯಿಂದ ನನ್ನ ಮಗಳು ಅದನ್ನು ನೋಡಿದಳು.

ಆಮೇಲೆ ಬಟ್ಟಲು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಅಜ್ಜಿ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು. "ಖಾಲಾ, ನೀವು ಹೇಳಿದ ಹಾಗೇ ಮಾಡಿದೆ" ಎಂದು ಹುಡುಗಿ ಫೋನಿನಲ್ಲಿ ಅತ್ತಾಗ ನನಗೆ ಉತ್ತರ ಹೊಳೆಯಲಿಲ್ಲ. ಮದ್ರಸದಲ್ಲಿ ಇಷ್ಟು ವರ್ಷ ಓದಿ, ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ನಾನು ಕಲಿಸಿಕೊಟ್ಟದ್ದೇನು? ಒಂದು ಹರಾಮಿನಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳು, ಅನ್ನವನ್ನು ಚೆಲ್ಲು, ನೆರೆಯವರನ್ನು ಮೋಸಗೊಳಿಸು ಎಂದು! ತಿನ್ನದಿರುವ ಹಕ್ಕು ಅವಳಿಗಿತ್ತು. "ರುಚಿಯಾಗಿತ್ತು" ಎನ್ನುವ ಹಕ್ಕು ಇರಲಿಲ್ಲ.

"ಇವತ್ತೇ ಹೋಗು. ಮಾಫಿ ಕೇಳು. ಇದ್ದದ್ದು ಇದ್ದ ಹಾಗೆ ಹೇಳು" ಎಂದೆ.

ಅವಳು ಹೋದಳು. ಏನಾಯಿತೆಂದು ಆಮೇಲೆ ಹೇಳುತ್ತೇನೆ. ಮೊದಲು ಆ ಬಟ್ಟಲಿನಲ್ಲಿ ಏನಿತ್ತೆಂದು ನೋಡೋಣ.

ಅದರ ಹೆಸರು ಶಿರಾಅಎ

ಶಿರಾ ಎಂದ ಕೂಡಲೇ ನಮಗೆ ತುಪ್ಪ ಸೋರುವ ರವೆಯ ಶಿರಾ ನೆನಪಾಗುತ್ತದೆ. ಜಪಾನಿ ಭಾಷೆಯಲ್ಲಿ ಶಿರಾ ಎಂದರೆ ಬಿಳಿ, ಅಎ ಎಂದರೆ ಕಲಸಿದ್ದು. ಸೋಯಾ ಹಾಲನ್ನು ಒಡೆಸಿ ಮಾಡುವ ತೋಫುವನ್ನು ಹುರಿದ ಎಳ್ಳಿನೊಂದಿಗೆ ಅರೆದು, ಆ ಬಿಳಿ ಮಸಾಲೆಯಲ್ಲಿ ಹಣ್ಣು ತರಕಾರಿ ಕಲಸುತ್ತಾರೆ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಖಾರವೂ ಇಲ್ಲ. ನಮ್ಮ ಮಲೆನಾಡಿನಲ್ಲಿ ಕಾಯಿ ಸಾಸಿವೆ ಅರೆದು ಮಾವಿನ ಹಣ್ಣಿಗೋ ಅನಾನಸಿಗೋ ಕಲಸಿ 'ಸಾಸಿವೆ' ಮಾಡುತ್ತಾರಲ್ಲ, ಅದರ ದೂರದ ಅಕ್ಕ ಎಂದುಕೊಳ್ಳಿ.

ಕಾಲಕ್ಕೆ ತಕ್ಕಂತೆ ಅದರೊಳಗಿನ ಹಣ್ಣು ತರಕಾರಿ ಬದಲಾಗುತ್ತದೆ. ಅಕ್ಟೋಬರ್, ನವೆಂಬರ್ ಬಂತೆಂದರೆ ಕಾಕಿ ಹಣ್ಣು ಮತ್ತು ಅಣಬೆಯ ಸರದಿ.

ಕಾಕಿ: ಬೀಡಿ ಎಲೆಯ ನೆಂಟ

ಕಾಕಿ ನೋಡಲು ದೊಡ್ಡ ಟೊಮೆಟೊ ಹಣ್ಣಿನಂತೆ, ಕಿತ್ತಳೆ ಬಣ್ಣ, ತಲೆಯ ಮೇಲೆ ನಾಲ್ಕು ಎಸಳಿನ ತೊಟ್ಟು. ಇಂಗ್ಲಿಷಿನಲ್ಲಿ ಪರ್ಸಿಮನ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಕಡೆ ಬೆಳೆಯುತ್ತಾರೆ. 'ಜಪಾನಿ ಫಲ್' ಎಂಬ ಹೆಸರಿನಲ್ಲಿ ಆ ತಿಂಗಳುಗಳಲ್ಲಿ ಬೆಂಗಳೂರಿನಂತಹ ದೊಡ್ಡ ಊರುಗಳ ಹಣ್ಣಿನ ಅಂಗಡಿಗಳಿಗೂ ಬರುತ್ತದೆ.

ಈ ಹಣ್ಣಿನ ಕುಲ ನಮಗೆ ಹೊಸದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಮೊರದ ಮುಂದೆ ಕೂತು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ. ನನ್ನ ಅಮ್ಮಿಯೂ ಕಟ್ಟಿದವರೇ. ಆ ಬೀಡಿ ಎಲೆ ಬರುವ ಮರ, ಕೆಲವೆಡೆ ತೂಪ್ರ, ಕೆಲವೆಡೆ ತುಮರಿ ಎನ್ನುವುದು, ಕಾಕಿಯ ಕುಲದ್ದೇ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಡಯೋಸ್ಪೈರಸ್ ಎಂಬ ಒಂದೇ ಮನೆತನದ ಹೆಸರು. ಆ ಮರದ ಪುಟ್ಟ ಹಣ್ಣನ್ನು ಕಾಡಂಚಿನ ಮಕ್ಕಳು ತಿನ್ನುತ್ತಾರೆ. ಎಲ್ಲಿಯ ನಗೋಯಾ, ಎಲ್ಲಿಯ ನಮ್ಮ ಬೀಡಿ ಮೊರ!

ಕಾಕಿಯಲ್ಲಿ ಎರಡು ಜಾತಿ. ಒಂದು ಸಿಹಿ, ಇನ್ನೊಂದು ಒಗರು. ಕಾಯಿ ಚಿಕ್ಕು ಕಚ್ಚಿ ನೋಡಿದವರಿಗೆ ಒಗರು ಎಂದರೇನೆಂದು ಹೇಳಬೇಕಿಲ್ಲ, ನಾಲಗೆ ಕಟ್ಟಿಹೋಗುತ್ತದೆ. ಹಣ್ಣಿನಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿ ಕರಗಿದರೆ ಒಗರು, ಕರಗದ ರೂಪಕ್ಕೆ ತಿರುಗಿದರೆ ಒಗರು ತಿಳಿಯುವುದಿಲ್ಲ. ಸಿಹಿ ಜಾತಿಯಲ್ಲಿ ಹಣ್ಣು ಮರದಲ್ಲಿ ಇರುವಾಗಲೇ ಈ ಬದಲಾವಣೆ ಆಗುತ್ತದೆ. ಹೀಗಾಗಿ ಅದನ್ನು ಸೇಬಿನಂತೆ ಗಟ್ಟಿಯಿರುವಾಗಲೇ ತಿನ್ನಬಹುದು. ಗಿಫು ಪ್ರಾಂತದಲ್ಲಿ ಹುಟ್ಟಿದ 'ಫುಯು' ಎಂಬ ಚಪ್ಪಟೆ ಹಣ್ಣು ಇದರಲ್ಲಿ ಹೆಸರುವಾಸಿ. ಒಗರು ಜಾತಿಯನ್ನು ಸಿಪ್ಪೆ ತೆಗೆದು ಸೂರಿನಡಿ ದಾರಕ್ಕೆ ನೇತುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಒಣಗುತ್ತಾ ಒಗರು ಹೋಗಿ ಖರ್ಜೂರದಂತೆ ಸಿಹಿಯಾಗುತ್ತದೆ, ಮೈಮೇಲೆ ಸಕ್ಕರೆಯೇ ಬಿಳಿ ಪುಡಿಯಾಗಿ ಕೂರುತ್ತದೆ.

ಒಗರು ತೆಗೆಯಲು ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವುದೂ ಇದೆ, ಮದ್ಯ ಸಿಂಪಡಿಸುವುದೂ ಇದೆ. ಹುಡುಗಿ ಈ ಬಗ್ಗೆಯೂ ಕೇಳಿದಳು. ಫುಯು ಹಣ್ಣಿಗೆ ಇದಾವುದೂ ಬೇಕಿಲ್ಲ. ಅದನ್ನೇ ಕೊಂಡರೆ ಪ್ರಶ್ನೆಯೇ ಏಳುವುದಿಲ್ಲ. ಎಲ್ಲ ಕಡೆ ಸಂಶಯ ಹುಡುಕುತ್ತಾ ಕೂರುವುದಕ್ಕಿಂತ ಸಂಶಯವಿಲ್ಲದ ದಾರಿ ಹಿಡಿಯುವುದು ಸುಲಭ.

ಮರದ ಮಗು

ಜಪಾನಿಯರು ಅಣಬೆಗೆ 'ಕಿನೊಕೊ' ಎನ್ನುತ್ತಾರೆ. ಮರದ ಮಗು ಎಂದು ಅರ್ಥ. ಶಿಟಾಕೆ, ಶಿಮೆಜಿ, ಮೈಟಾಕೆ ಹೀಗೆ ಹತ್ತಾರು ಬಗೆ. ಈಗ ಇವೆಲ್ಲ ಹೆಚ್ಚಾಗಿ ಕೋಣೆಯೊಳಗೆ ಬೆಳೆಸಿದವು, ವರ್ಷವಿಡೀ ಸಿಗುತ್ತವೆ. ಮತ್ಸುಟಾಕೆ ಎಂಬ ಒಂದು ಮಾತ್ರ ಇಂದಿಗೂ ಕಾಡಿನಲ್ಲಿ ಪೈನ್ ಮರಗಳ ಬುಡದಲ್ಲೇ ಹುಡುಕಬೇಕು. ಅದರ ಬೆಲೆ ಬಡವರ ಕೈಗೆ ಎಟುಕುವಂಥದಲ್ಲ. ಅಜ್ಜಿಯ ಬಟ್ಟಲಿನಲ್ಲಿ ಇದ್ದದ್ದು ಅಗ್ಗದ ಶಿಮೆಜಿ. ಗೊಂಚಲಾಗಿ ಬೆಳೆಯುವ ಸಣ್ಣ ಟೊಪ್ಪಿಯ ಅಣಬೆ. ನಮಗೆ ಅದರ ಬದಲು ಸಿಂಪಿ ಅಣಬೆ ಬಹಳ ಚೆನ್ನಾಗಿ ಹೊಂದುತ್ತದೆ. ಭತ್ತದ ಹುಲ್ಲಿನ ಮೇಲೆ ಮನೆಯಲ್ಲೇ ಬೆಳೆಯಬಹುದಾದ ಅಣಬೆ ಅದು. ಸಿಗದಿದ್ದರೆ ಅಂಗಡಿಯ ಬಟನ್ ಅಣಬೆಯೂ ಆದೀತು.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಮೊದಲ ಗುಡುಗಿಗೆ ಏಳುವ ಅಣಬೆ ಕಿತ್ತು ತರುವ ರೂಢಿಯಿದೆ. ಜಪಾನಿನಲ್ಲೂ ಶರತ್ಕಾಲದಲ್ಲಿ ಬೆಟ್ಟಕ್ಕೆ ಹೋಗಿ ಅಣಬೆ ಆರಿಸುತ್ತಾರೆ. ಅಲ್ಲಿ ತ್ಸುಕಿಯೊಟಾಕೆ ಎಂಬ ವಿಷದ ಅಣಬೆಯಿದೆ. ಕತ್ತಲಲ್ಲಿ ಮಂದವಾಗಿ ಬೆಳಗುತ್ತದೆ, ಹಗಲಲ್ಲಿ ಮಾತ್ರ ತಿನ್ನುವ ಶಿಟಾಕೆಯಂತೆಯೇ ಕಾಣುತ್ತದೆ. ಅಣಬೆ ತಿಂದು ಆಸ್ಪತ್ರೆ ಸೇರುವವರಲ್ಲಿ ಹೆಚ್ಚಿನವರು ಅದನ್ನೇ ತಿಂದವರು. ತಲೆತಲಾಂತರದಿಂದ ತಿನ್ನುತ್ತಿದ್ದ ಸುಗಿಹಿರಟಾಕೆ ಎಂಬ ಬಿಳಿ ಅಣಬೆಯಿಂದ 2004ರಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮೂತ್ರಪಿಂಡದ ಕಾಯಿಲೆಯವರು. "ನಮ್ಮಜ್ಜಿ ತಿನ್ನುತ್ತಿದ್ದರು" ಎಂಬುದು ಅಣಬೆಯ ವಿಷಯದಲ್ಲಿ ಸಾಲದು.

ಸಹೀಹ್ ಬುಖಾರಿಯಲ್ಲಿ 'ಕಮ್‌ಅ' ಎಂಬುದರ ಪ್ರಸ್ತಾಪವಿದೆಯಲ್ಲ ಎಂದು ಕೆಲವು ಸಹೋದರಿಯರು ಕೇಳಬಹುದು. ಅದು ಮರುಭೂಮಿಯ ಮಣ್ಣಿನೊಳಗೆ ಗೆಡ್ಡೆಯಂತೆ ಬೆಳೆಯುವ ಬೇರೆಯೇ ಬಗೆ. ಅದನ್ನು ನೆಪ ಮಾಡಿಕೊಂಡು ಗುರುತಿಲ್ಲದ ಅಣಬೆಯನ್ನು ಮಕ್ಕಳ ತಟ್ಟೆಗೆ ಹಾಕಬೇಡಿ. ಅಂಗಡಿಯ ಅಣಬೆಯನ್ನೂ ಹಸಿಯಾಗಿ ತಿನ್ನಬೇಡಿ. ಶಿಟಾಕೆ ಸರಿಯಾಗಿ ಬೇಯದಿದ್ದರೆ ಕೆಲವರಿಗೆ ಮೈಯೆಲ್ಲ ಬಾಸುಂಡೆಯಂತೆ ಕೆಂಪು ಗೆರೆಗಳು ಏಳುತ್ತವೆ.

ಮೂರು ಹನಿ, ಒಂದು ಹೂಜಿ

ಇನ್ನು ಹುಡುಗಿಯ ಸಂಶಯಕ್ಕೆ ಬರೋಣ. ಸಂಶಯ ಸರಿಯಾಗಿಯೇ ಇತ್ತು. ಜಪಾನಿ ಅಡುಗೆಗೆ ಸಿಹಿ ಮತ್ತು ಹೊಳಪು ಕೊಡಲು 'ಮಿರಿನ್' ಹಾಕುತ್ತಾರೆ. ಅಂಟಕ್ಕಿಯಿಂದ ಮಾಡಿದ್ದು. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14 ಮದ್ಯಾಂಶವಿರುತ್ತದೆ, ಅಲ್ಲಿನ ಕಾನೂನಿನಲ್ಲೂ ಅದು ಮದ್ಯವೇ. 'ಮಿರಿನ್ ಶೈಲಿಯದು' ಎಂದು ಮಾರುವುದರಲ್ಲಿ ಶೇ. 1ಕ್ಕಿಂತ ಕಡಿಮೆ. 'ಸಾಕೆ' ಎಂಬ ಅಕ್ಕಿಯ ಮದ್ಯವನ್ನೂ ಅಡುಗೆಗೆ ಬಳಸುತ್ತಾರೆ. "ಕುದಿಸಿದರೆ ಹೋಗುತ್ತದಲ್ಲ" ಎನ್ನುವವರಿದ್ದಾರೆ. ಪೂರ್ತಿ ಹೋಗುವುದಿಲ್ಲ. ಅಲ್ಲದೆ ಶಿರಾಅಎಗೆ ಕಲಸುವಾಗ ಎಷ್ಟೋ ಜನ ಕುದಿಸುವುದೂ ಇಲ್ಲ.

ಸೋಯಾ ಸಾಸ್ ಮತ್ತು ಮಿಸೊ ಎಂಬ ಸೋಯಾ ಹಿಟ್ಟಿನ ವಿಷಯ ಸ್ವಲ್ಪ ಬೇರೆ. ಅವು ಹುಳಿಯುವಾಗ ತಾನಾಗಿಯೇ ಅಲ್ಪ ಮದ್ಯಾಂಶ ಹುಟ್ಟುತ್ತದೆ. ಕೆಲವು ಕಂಪೆನಿಗಳು ಕೆಡದಿರಲೆಂದು ಮೇಲಿಂದಲೂ ಸೇರಿಸುತ್ತವೆ. ತಾನಾಗಿ ಹುಟ್ಟಿದ್ದು, ಬೇಕೆಂದು ಸೇರಿಸಿದ್ದು, ಇವೆರಡರ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ನೀವು ನಂಬಿರುವ ಆಲಿಮರಲ್ಲಿ ಕೇಳಿ ನಡೆಯಿರಿ. ಈ ಅಡುಗೆಗಂತೂ ಇವೆರಡೂ ಇಲ್ಲದೆ ಉಪ್ಪಿನಲ್ಲೇ ಮುಗಿಸಬಹುದು.

ಪರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಒಂದು ಗುರುತು ಹೇಳುತ್ತೇನೆ. ಜಪಾನಿನಲ್ಲಿ ಮದ್ಯಕ್ಕೆ ಬರೆಯುವ ಅಕ್ಷರದಲ್ಲಿ ಎಡಗಡೆ ಮೂರು ಹನಿಗಳು, ಬಲಗಡೆ ಮುಚ್ಚಳ ಹಾಕಿದ ಹೂಜಿಯಂಥ ಚಿತ್ರ. ಸಾಕೆಗೂ ಅದೇ ಅಕ್ಷರ, ಮೇಲಿಂದ ಸೇರಿಸಿದ ಮದ್ಯಾಂಶಕ್ಕೆ ಬರೆಯುವ 'ಶುಸೆಯಿ' ಎಂಬ ಪದದ ಮೊದಲ ಅಕ್ಷರವೂ ಅದೇ. ಭಾಷೆ ಬಾರದಿದ್ದರೂ ಮೂರು ಹನಿ, ಒಂದು ಹೂಜಿ ಕಂಡರೆ ಪೊಟ್ಟಣ ಕೆಳಗಿಟ್ಟು ಇನ್ನೊಂದನ್ನು ನೋಡಬಹುದು. ಮಿರಿನ್‌ ಹೆಸರನ್ನು ಮಾತ್ರ ಹೆಚ್ಚಾಗಿ ಬೇರೆ ಸರಳ ಲಿಪಿಯಲ್ಲಿ ಬರೆಯುತ್ತಾರೆ. ಅದನ್ನು ಪ್ರತ್ಯೇಕವಾಗಿ ಕಲಿತಿರಬೇಕು.

ಬೇಕಾಗುವ ಸಾಮಾನುಗಳು (ನಾಲ್ವರಿಗೆ)

ಗಟ್ಟಿ ತೋಫು - 200 ಗ್ರಾಂ (ನಮ್ಮಲ್ಲಿ ಸೋಯಾ ಪನೀರ್ ಎಂದು ಸಿಗುತ್ತದೆ)
ಗಟ್ಟಿಯಾದ ಸಿಹಿ ಕಾಕಿ ಹಣ್ಣು - 1 ದೊಡ್ಡದು
ಶಿಮೆಜಿ ಅಥವಾ ಸಿಂಪಿ ಅಣಬೆ - 100 ಗ್ರಾಂ
ಪಾಲಕ್ ಸೊಪ್ಪು - ಒಂದು ಸಣ್ಣ ಕಟ್ಟು
ಬಿಳಿ ಎಳ್ಳು - 2 ದೊಡ್ಡ ಚಮಚ
ಸಕ್ಕರೆ - 2 ಚಿಕ್ಕ ಚಮಚ
ಉಪ್ಪು - ರುಚಿಗೆ

ಮಾಡುವ ವಿಧಾನ

ತೋಫುವನ್ನು ನಾಲ್ಕು ತುಂಡು ಮಾಡಿ ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಡಿ. ತೆಗೆದು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ತಟ್ಟೆ, ಅದರ ಮೇಲೆ ನೀರು ತುಂಬಿದ ಚೊಂಬು ಇಟ್ಟು ಅರ್ಧ ಗಂಟೆ ಬಿಡಿ. ಈ ಹೊತ್ತು ಉಳಿಸಲು ಹೋದರೆ ಕೊನೆಗೆ ಬಟ್ಟಲಿನ ತುಂಬ ನೀರು ನಿಲ್ಲುತ್ತದೆ.

ಅಣಬೆಯನ್ನು ನೀರಿನಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬುಡ ತೆಗೆದು ಕೈಯಿಂದಲೇ ಸೀಳಿಕೊಳ್ಳಿ. ಎಣ್ಣೆ ಹಾಕದ ಬಾಣಲೆಯಲ್ಲಿ ಚಿಟಿಕೆ ಉಪ್ಪಿನೊಂದಿಗೆ ಹುರಿಯಿರಿ. ಮೊದಲು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ, ಅಂಚು ಸ್ವಲ್ಪ ಕೆಂಪಾದಾಗ ಇಳಿಸಿ ಆರಲು ಬಿಡಿ.

ಪಾಲಕನ್ನು ಕುದಿಯುವ ಉಪ್ಪುನೀರಿನಲ್ಲಿ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಒಂದಂಗುಲಕ್ಕೆ ಕತ್ತರಿಸಿ ಇನ್ನೊಮ್ಮೆ ಹಿಂಡಿ.

ಕಾಕಿಯ ಒಂದು ಚೂರನ್ನು ಮೊದಲು ನಾಲಗೆಗೆ ಇಟ್ಟು ನೋಡಿ. ಒಗರಿದ್ದರೆ ಅದನ್ನು ಬಳಸಬೇಡಿ. ಸಿಹಿಯಿದ್ದರೆ ಸಿಪ್ಪೆ ಬೀಜ ತೆಗೆದು ತೆಳ್ಳಗೆ ಹೋಳು ಮಾಡಿ. ಕಾಕಿ ಸಿಗದಿದ್ದರೆ ಗಟ್ಟಿ ಪಿಯರ್ ಅಥವಾ ಸೇಬು ಆಗಬಹುದು.

ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಬಿಸಿಯಿರುವಾಗಲೇ ಕುಟ್ಟಿ. ಜಪಾನಿಯರ ಬಳಿ ಇದಕ್ಕೆಂದೇ ಒಳಮೈಯಲ್ಲಿ ಗೆರೆಗಳಿರುವ ಮಣ್ಣಿನ ಬೋಗುಣಿ ಇರುತ್ತದೆ, ಸುರಿಬಾಚಿ ಎಂದು. ನಮ್ಮ ಕಲ್ಲು ಸಾಕು. ಎಳ್ಳು ಎಣ್ಣೆ ಬಿಡತೊಡಗಿದಾಗ ತೋಫು, ಸಕ್ಕರೆ, ಉಪ್ಪು ಸೇರಿಸಿ ಬೆಣ್ಣೆಯಂತೆ ಅರೆಯಿರಿ. ಮಿಕ್ಸಿಯಾದರೆ ನೀರು ಹಾಕದೆ ಎರಡು ಸುತ್ತು ಸಾಕು.

ಬಡಿಸುವ ಹೊತ್ತಿಗೆ ಸರಿಯಾಗಿ ಎಲ್ಲವನ್ನೂ ಹಗುರ ಕೈಯಲ್ಲಿ ಕಲಸಿ. ಮೊದಲೇ ಕಲಸಿಟ್ಟರೆ ಹಣ್ಣು ನೀರು ಬಿಡುತ್ತದೆ. ತೋಫು ಬೇಗ ಕೆಡುವ ವಸ್ತು, ಆದ್ದರಿಂದ ಅಂದೇ ತಿಂದು ಮುಗಿಸಿ. ಮೊದಲ ತುತ್ತಿಗೆ "ಸಪ್ಪೆ" ಎನಿಸಬಹುದು. ಮೂರನೆಯ ತುತ್ತಿಗೆ ಹಣ್ಣಿನ ಸಿಹಿ, ಎಳ್ಳಿನ ಪರಿಮಳ, ಅಣಬೆಯ ರುಚಿ ಬೇರೆಬೇರೆಯಾಗಿ ತಿಳಿಯುತ್ತದೆ. ನಮ್ಮ ಮಸಾಲೆಗೆ ಒಗ್ಗಿದ ನಾಲಗೆಗೆ ಅಷ್ಟು ಸಮಯ ಕೊಡಬೇಕು.

ಬಟ್ಟಲು ತಿರುಗಿ ಬಂತು

ಈಗ ಉಳಿದ ಕಥೆ. ಹುಡುಗಿ ಅಜ್ಜಿಯ ಬಾಗಿಲು ತಟ್ಟಿದಳು. ಮೊಬೈಲಿನ ಅನುವಾದ, ಬಂದಷ್ಟು ಜಪಾನಿ, ಉಳಿದದ್ದು ಕೈಸನ್ನೆ. ನಾವು ಮದ್ಯ ಮುಟ್ಟುವುದಿಲ್ಲ, ಅಡುಗೆಯಲ್ಲಿ ಬೆರೆತಿದ್ದರೂ ತಿನ್ನುವುದಿಲ್ಲ, ಕೇಳಲು ನಾಚಿಕೆಯಾಗಿ ಎರಡು ವರ್ಷ ಸುಳ್ಳು ಹೇಳಿದೆ, ತಪ್ಪಾಯಿತು ಎಂದಳು.

ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೊತ್ತಾಯಿನೈ" ಎಂದರು. ವಸ್ತುವನ್ನು ಅದರ ಬೆಲೆ ತಿಳಿಯದೆ ಹಾಳು ಮಾಡಿದಾಗ ಜಪಾನಿಯರ ಬಾಯಿಂದ ಬರುವ ಮಾತು ಅದು. ನಮ್ಮಲ್ಲಿ ಇಸ್ರಾಫ್ ಎನ್ನುತ್ತೇವಲ್ಲ, ಅದರ ಜೊತೆಗೆ ಒಂದು ನಿಟ್ಟುಸಿರು ಸೇರಿಸಿದ ಹಾಗೆ. ಒಳಗೆ ಹೋಗಿ ಮಿರಿನ್ ಬಾಟಲಿ ತಂದು ಮೇಜಿನ ಮೇಲಿಟ್ಟರು. "ಇದೋ?" ಎಂದು ಕೇಳಿದರು. ಇವಳು ತಲೆಯಾಡಿಸಿದಳು. "ಒಂದು ಚಮಚ ಹಾಕುತ್ತಿದ್ದೆ. ನನ್ನ ಅತ್ತೆ ಸಕ್ಕರೆಯನ್ನೇ ಹಾಕುತ್ತಿದ್ದರು. ನೀನು ತಿನ್ನಲಿಲ್ಲವೆಂದು ನನಗೆ ಬೇಸರವಿಲ್ಲ. ಪ್ರತಿ ಸಲ ರುಚಿಯಾಗಿತ್ತು ಎಂದೆಯಲ್ಲ, ನಾನು ಅದನ್ನು ನಂಬಿ ಮತ್ತೆ ಮತ್ತೆ ಮಾಡಿದೆ" ಎಂದರು.

ಆ ಶನಿವಾರ ಇಬ್ಬರೂ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಮಾಡಿದರು. ಅಜ್ಜಿ ಎಳ್ಳು ಅರೆದರು, ಇವಳು ಬೋಗುಣಿ ಅಲುಗದಂತೆ ಹಿಡಿದಳು. ಮೇಲೆ ಬರೆದ ಅಳತೆ ಅಲ್ಲಿಯದೇ, ಮಿರಿನ್ ಬದಲು ಅತ್ತೆಯ ಕಾಲದ ಸಕ್ಕರೆ. ಎರಡು ವರ್ಷದಲ್ಲಿ ಮೊದಲ ಬಾರಿ ಅವಳು ಅದನ್ನು ಬಾಯಿಗಿಟ್ಟು, ಬಾಯಿಪಾಠ ಮಾಡಿದ್ದ ಆ ವಾಕ್ಯವನ್ನೇ ಹೇಳಿದಳು.

ನೆರೆಯವರ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ? ಜಪಾನಿನಲ್ಲೂ ಕೊಟ್ಟವರಿಗೆ ಏನಾದರೂ ಹಿಂತಿರುಗಿಸುವ ಪದ್ಧತಿಯಿದೆ. ನೀಲಿ ಹೂವಿನ ಬಟ್ಟಲಿನಲ್ಲಿ ಈ ಸಲ ರವೆಯ ಶಿರಾ ಹೋಯಿತು, ಏಲಕ್ಕಿ ದ್ರಾಕ್ಷಿ ಹಾಕಿದ್ದು. ಅಜ್ಜಿಗೆ ಅದರ ಹೆಸರು ಕೇಳಿ ನಗು ತಡೆಯಲಾಗಲಿಲ್ಲವಂತೆ. "ಬಿಳಿ ಎನ್ನುತ್ತೀಯ, ಇದು ಹಳದಿಯಾಗಿದೆಯಲ್ಲ" ಎಂದರಂತೆ. ಸಿಹಿ ಜಾಸ್ತಿಯಾಯಿತು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರಂತೆ.

ಸಹೋದರಿಯರೇ, ನಮ್ಮ ಮನೆಯ ಅಕ್ಕಪಕ್ಕದಲ್ಲೂ ಬೇರೆ ಬೇರೆ ಪದ್ಧತಿಯವರಿದ್ದಾರೆ. ಅವರು ಪ್ರೀತಿಯಿಂದ ತಂದ ತಟ್ಟೆಯ ಮುಂದೆ ನಾವೂ ಎಷ್ಟೋ ಸಲ ತಡವರಿಸಿದ್ದೇವೆ. ನಾವು ಕೊಟ್ಟ ತಟ್ಟೆಯ ಮುಂದೆ ಅವರೂ ತಡವರಿಸಿರಬಹುದು. "ಇದರಲ್ಲಿ ಏನು ಹಾಕಿದ್ದೀರಿ? ನಮಗೆ ಇಂಥದ್ದು ಆಗುವುದಿಲ್ಲ" ಎಂದು ನಗುಮುಖದಿಂದ ಕೇಳುವುದು ಅವಮಾನವಲ್ಲ. ಅದನ್ನು ಹೇಳಲು ನನ್ನ ಮಗಳಿಗೆ ಎರಡು ವರ್ಷ ಬೇಕಾಯಿತು, ನನ್ನ ಕಾರಣದಿಂದ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ.

ಕಾಕಿ ಹಣ್ಣು ಸಿಕ್ಕರೆ ಮಾಡಿ ನೋಡಿ. ಒಂದು ಬಟ್ಟಲು ಪಕ್ಕದ ಮನೆಗೂ ಕಳಿಸಿ. ಕಳಿಸುವಾಗ ಅದರಲ್ಲಿ ಏನೇನಿದೆ ಎಂದು ನೀವೇ ಹೇಳಿ ಕಳಿಸಿ.